ಟ್ಯಾಂಕಿನ ನೆರಳಿನ ದಾಸವಾಳ

ಕದ್ದು ತಂದ ಕಡ್ಡಿ ತಪ್ಪದೆ ಚಿಗುರುತ್ತದೆ ಎಂದು ನಮ್ಮ ಚಾಮರಾಜಪೇಟೆಯಲ್ಲಿ ಎಲ್ಲರೂ ನಂಬುತ್ತಾರೆ. ಸುಳ್ಳು. ಪಕ್ಕದ ಮನೆಯ ಸರೋಜಾ ಆಂಟಿಯ ದಾಸವಾಳದಿಂದ ಅಮ್ಮ ಮುರಿದು ತಂದ ಕಡ್ಡಿ ಬದುಕಿದ್ದು ಹೆದರಿಕೆಯಿಂದ. ಆಂಟಿಗೆ ಕಾಣಬಾರದೆಂದು ಅದನ್ನು ಕುಂಡದಲ್ಲಿ ನೆಟ್ಟು, ನಮ್ಮ ತಾರಸಿಯ ನೀರಿನ ಟ್ಯಾಂಕಿನ ನೆರಳಲ್ಲಿ ಬಚ್ಚಿಟ್ಟಿದ್ದಳು; ಅವರು ವಾಕಿಂಗ್ ಹೋದಾಗ ಮಾತ್ರ ಎಳೆಬಿಸಿಲಿಗೆ ತರುತ್ತಿದ್ದಳು. ಕಡ್ಡಿಗೆ ನಿಧಾನವಾಗಿ ಬಿಸಿಲು ಅಭ್ಯಾಸವಾಯಿತು, ಅಷ್ಟೇ.

ಈ ಬೇಸಿಗೆಯಲ್ಲಿ ಆಂಟಿಯ ಗಿಡ ಒಣಗಿತು. ಅದರಿಂದ ಮುರಿದು ಅವರು ತಮ್ಮ ತಾರಸಿಯಲ್ಲಿ ನೆಟ್ಟ ಕಡ್ಡಿಗಳೂ ನಡುಬಿಸಿಲಿಗೆ ಸುಟ್ಟುಹೋದವು. ಮೊನ್ನೆ ಅಮ್ಮನ ಜೊತೆ ಸಂಡಿಗೆ ಒಣಹಾಕಲು ನಮ್ಮ ತಾರಸಿಗೆ ಬಂದವರು ಅಮ್ಮನ ಕುಂಡದ ಮುಂದೆ ನಿಂತುಬಿಟ್ಟರು.

“ನಮ್ಮತ್ತೆ ನೆಟ್ಟಿದ್ದ ಆ ಒಣಗಿದ ಗಿಡದ್ದೂ ಇದೇ ಬಣ್ಣ ಕಣ್ರೀ. ಒಂದು ಕಡ್ಡಿ ಕೊಡ್ತೀರಾ?”

“ಅದಕ್ಕೇನಂತೆ, ಎರಡು ತಗೊಳ್ಳಿ,” ಎಂದು ಅಮ್ಮ ಮಹಾದಾನಿಯಂತೆ ಕತ್ತರಿ ತಂದಳು. ಆಂಟಿಯ ಕಣ್ಣು ತುಂಬಿತು.

ಅವರು ಮೆಟ್ಟಿಲಿಳಿದ ಮೇಲೆ ಕೇಳಿದೆ: “ಅಮ್ಮ, ಈಗ ನೀನು ಕೊಟ್ಟಿದ್ದಾ, ವಾಪಸ್ ಕೊಟ್ಟಿದ್ದಾ?”