ಮಲಗಿಸಿಟ್ಟ ಸೇಬಿನ ಗಿಡಗಳು

ಸೇಬು ಮರದಲ್ಲಿ ಬಿಡುತ್ತದೆ ಎಂಬುದು ನನಗೆ ಗೊತ್ತಿತ್ತು. ಆದರೆ ಆ ಮರಕ್ಕೂ ಒಂದು ಎಳೆತನ ಇರುತ್ತದೆ, ಆಗ ಅದನ್ನು ಯಾರಾದರೂ ಕೂಸಿನಂತೆ ನೋಡಿಕೊಳ್ಳಬೇಕಾಗುತ್ತದೆ ಎಂದು ಮೂವತ್ತೈದು ದಾಟುವವರೆಗೂ ಹೊಳೆದಿರಲಿಲ್ಲ. ನನ್ನ ಮಟ್ಟಿಗೆ ಸೇಬೆಂದರೆ ಮೈಮೇಲೆ ಸ್ಟಿಕ್ಕರ್ ಅಂಟಿಸಿಕೊಂಡು ಗಲ್ಫಿನ ಮಂಗಫ್‌ನ ನಮ್ಮ ಬೀದಿಯ ಅಂಗಡಿಯಲ್ಲಿ ಸಾಲಾಗಿ ಕೂರುವ ಹಣ್ಣು, ಕಾಯಿಲೆಯವರನ್ನು ನೋಡಲು ಹೋಗುವಾಗ ಕೊಳ್ಳುವಂಥದ್ದು. ಈ ಅಜ್ಞಾನವನ್ನು ತಿದ್ದಿದವಳು ಸುನೀತಾ.

ಸುನೀತಾ ನಮ್ಮ ಫ್ಲಾಟಿನ ಒಂದು ಕೋಣೆಯಲ್ಲಿ ಬಾಡಿಗೆಗಿದ್ದ ನರ್ಸ್. ಹಿಮಾಚಲದ ಎತ್ತರದ ಕಣಿವೆಯೊಂದರವಳು. ಒಂದು ಮಳೆಗಾಲದಲ್ಲಿ ಗುಡ್ಡ ಕುಸಿದು ಅವರ ಸೇಬಿನ ತೋಟವನ್ನು ಪೂರಾ ನದಿಗೆ ಎಳೆದುಕೊಂಡು ಹೋಗಿತ್ತು. ಗಂಡ ಪ್ರೇಮ್ ಊರಿನ ಶಾಲೆಯಲ್ಲಿ ಮೇಷ್ಟರು. ಹೊಸ ತೋಟ ಏಳಬೇಕಾದರೆ ಇಬ್ಬರಲ್ಲಿ ಒಬ್ಬರು ಹೊರಗೆ ಹೋಗಿ ದುಡಿಯಬೇಕಿತ್ತು. ನರ್ಸಿಂಗ್ ಕಲಿತವಳು ತಾನಾದ್ದರಿಂದ ಇವಳೇ ಹೊರಟುಬಂದಳು. ಅತ್ತೆಗೆ ಅದು ಸರಿಬರಲಿಲ್ಲ. ಹೆಂಡತಿ ಕಡಲಾಚೆ, ಗಂಡ ಒಲೆಯ ಮುಂದೆ, ಇದೆಂಥ ಸಂಸಾರ ಎಂದು ಸೊಸೆಯ ಜೊತೆ ಮಾತು ಬಿಟ್ಟರು. ಇವಳ ಫೋನ್ ಬಂದರೆ ಎದ್ದು ಅಂಗಳಕ್ಕೆ ಹೋಗಿಬಿಡುತ್ತಿದ್ದರಂತೆ.

ನಾನು ಹೇಳುತ್ತಿರುವ ವರ್ಷ ಪ್ರೇಮ್ ಚಳಿಗಾಲಕ್ಕೆ ಮುಂಚೆ ಸಸಿಗಳನ್ನು ತಂದರು. ಆದರೆ ಗುಡ್ಡದಲ್ಲಿ ಮೆಟ್ಟಿಲು ಕಡಿದು ನೆಲ ಹದ ಮಾಡುವುದು ಮುಗಿದಿರಲಿಲ್ಲ, ಹಿಮ ಬೀಳುವ ಕಾಲ ಬಂದೇಬಿಟ್ಟಿತ್ತು. ಹಾಗಾಗಿ ಗಿಡಗಳನ್ನು ವಸಂತದವರೆಗೆ ಕಾಪಾಡಿ ಇಡಬೇಕಿತ್ತು. ಅವಳು ಚಪಾತಿ ಲಟ್ಟಿಸುತ್ತ ಇದನ್ನು ಹೇಳಿದಾಗ ನಾನು ದೊಡ್ಡ ತಿಳಿದವಳಂತೆ, ಮನೆಯೊಳಗೆ ಒಲೆಯ ಪಕ್ಕ ಇಟ್ಟರೆ ಬೆಚ್ಚಗಿರುವುದಿಲ್ಲವೇ ಎಂದು ಕೇಳಿದೆ. ನಮ್ಮ ಮಾತುಕತೆ ಹಿಂದಿಯಲ್ಲಿ, ನನ್ನದು ಅರ್ಧ ಕೊಂಕಣಿ ಬೆರೆತ ಹಿಂದಿ. ಅವಳು ಲಟ್ಟಣಿಗೆ ನಿಲ್ಲಿಸಿ ನಕ್ಕಳು.

"ಬೆಚ್ಚಗಾದರೆ ಅವಕ್ಕೆ ಎಚ್ಚರ ಆಗ್ತದೆ ದೀದಿ. ಎಚ್ಚರಾಗಿ ಚಿಗುರು ಹೊರಗೆ ಬಂದ ಮೇಲೆ ಮತ್ತೆ ಹಿಮ ಬಿದ್ದರೆ ಉಳಿಯೋದಿಲ್ಲ."

ಚಳಿ ಅಲ್ಲ, ಹೊತ್ತಲ್ಲದ ಹೊತ್ತಿನ ಬಿಸಿಲೇ ಭಯ. ಎಲೆ ಉದುರಿ ಬರಿಯ ಕೋಲಿನಂತಾದ ಗಿಡಗಳನ್ನು, ನೆಲ ಗಟ್ಟಿಯಾಗುವ ಮೊದಲು, ಬಿಸಿಲು ತಾಗದ ಕಡೆ ಉದ್ದ ಗುಂಡಿ ತೋಡಿ ಓರೆಯಾಗಿ ಮಲಗಿಸುತ್ತಾರೆ. ಬೇರಿನ ಸಂದಿಯಲ್ಲಿ ಗಾಳಿ ಉಳಿಯದಂತೆ ತೇವದ ಮಣ್ಣು ತುಂಬುತ್ತಾರೆ. ಇಲಿ ತೊಗಟೆ ಕಡಿಯದಂತೆ ತಂತಿಬಲೆ, ಅದರ ಮೇಲೆ ಒಣಹುಲ್ಲು. ಆಮೇಲೆ ಬೀಳುವ ಹಿಮವೇ ಹೊದಿಕೆ. ಹಿಮ ಹೊದ್ದುಕೊಂಡರೆ ಚಳಿಯಾಗುವುದಿಲ್ಲ ಎಂಬುದನ್ನು ನಂಬಲು ಕರಾವಳಿಯವಳಾದ ನನಗೆ ಸ್ವಲ್ಪ ಸಮಯ ಬೇಕಾಯಿತು.

ಆ ಚಳಿಗಾಲವೇ ಪಕ್ಕದ ದೇಶದಲ್ಲಿ ಯುದ್ಧವಾಗುತ್ತದೆ ಎಂಬ ಮಾತು ದಟ್ಟವಾಯಿತು. ಕಟ್ಟಡದ ಹಲವರು ಊರಿಗೆ ಹೋದರು. ನಮ್ಮ ಮಗಳು ರೀನಾಳನ್ನು ಉಡುಪಿಯಲ್ಲಿರುವ ನನ್ನ ಅಕ್ಕನ ಮನೆಗೆ ಕಳಿಸಿದೆವು. ರಿಫೈನರಿಯಲ್ಲಿದ್ದ ನನ್ನ ಗಂಡನಿಗೆ ರಜೆ ಇರಲಿಲ್ಲ, ಅವರೊಬ್ಬರನ್ನೇ ಬಿಟ್ಟುಹೋಗಲು ನನಗೆ ಮನಸ್ಸಿರಲಿಲ್ಲ. ಏರ್‌ಪೋರ್ಟಿನಲ್ಲಿ ಅವಳು "ಮಮ್ಮಾ, ವೈ ಆರಂಟ್ ಯೂ ಕಮಿಂಗ್?" ಎಂದಳು. ಆಫೀಸಿನಲ್ಲಿ ಕೆಲಸವಿದೆ ಎಂದೆ. ಎಂಟು ವರ್ಷದ ಮಕ್ಕಳೂ ಇಂಥ ಉತ್ತರವನ್ನು ನಂಬುವುದಿಲ್ಲ.

ಎಲ್ಲರೂ ಮಾಡಿದಂತೆ ನಾವೂ ವಿಷಗಾಳಿ ಒಳಗೆ ಬರದಿರಲೆಂದು ಒಂದು ಕೋಣೆಯ ಕಿಟಕಿಗಳಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಟೇಪು ಅಂಟಿಸಿದೆವು. ಪ್ರೇಮ್ ಫೋನ್ ಮಾಡಿ, ತೋಟ ಹಾಳಾಗಲಿ, ನೀನು ಬಂದುಬಿಡು ಎಂದರು. ಆಸ್ಪತ್ರೆಯಲ್ಲಿ ರಜೆಗಳನ್ನೆಲ್ಲ ರದ್ದು ಮಾಡಿದ್ದರು, ಹೋದರೆ ಕೆಲಸ ಖಲಾಸ್. ಮಲಗಿಸಿಟ್ಟ ಗಿಡಗಳು ನೆಲ ಹತ್ತಿ ಫಲ ಕೊಡಲು ಇನ್ನೂ ವರ್ಷಗಳಿದ್ದವು. ಸುನೀತಾ ಹೋಗಲಿಲ್ಲ.

ಫೆಬ್ರವರಿಯಲ್ಲಿ ಪ್ರೇಮ್ ಶಾಲೆಯ ಕೆಲಸಕ್ಕೆಂದು ಕೆಳಗಿನ ಪಟ್ಟಣಕ್ಕೆ ಹೋದಾಗ ದಾರಿಯಲ್ಲಿ ಹಿಮ ಕುಸಿದು ರಸ್ತೆ ಮುಚ್ಚಿತು. ಅವರು ಅಲ್ಲೇ ಸಿಕ್ಕಿಕೊಂಡರು. ಇತ್ತ ಊರಿನಲ್ಲಿ ಮೋಡ ಸರಿದು, ಆ ತಿಂಗಳಿಗೆ ತಕ್ಕದ್ದಲ್ಲದ ಬಿಸಿಲು ಹೊಡೆಯತೊಡಗಿತು. ಪ್ರೇಮ್ ಪಟ್ಟಣದಿಂದ ಈ ಸುದ್ದಿ ತಿಳಿಸಿದ ದಿನ ಸುನೀತಾ ಊಟ ಮಾಡಲಿಲ್ಲ. ಮನೆಯಲ್ಲಿದ್ದವರು ಅತ್ತೆ ಒಬ್ಬರೇ. ನಮ್ಮ ಹಾಲ್‌ನಲ್ಲಿದ್ದ ಫೋನಿನ ಮುಂದೆ ಅವಳು ಬಹಳ ಹೊತ್ತು ಕೂತು ಕೊನೆಗೆ ನಂಬರ್ ಒತ್ತಿದಳು. ನಾನು ಅಡುಗೆಮನೆಗೆ ಹೋಗುವ ನಾಟಕ ಮಾಡಿ ಬಾಗಿಲಲ್ಲೇ ನಿಂತೆ.

"ಅಮ್ಮಾಜಿ, ಗಿಡಗಳು..." ಎಂದಳು. ಮುಂದೆಲ್ಲ ಆ ಕಡೆಯವರೇ ಮಾತಾಡಿದರು. ಇವಳ ಕಣ್ಣಿಂದ ನೀರು ಇಳಿಯುತ್ತಿತ್ತು. ಒಮ್ಮೆ ಮಾತ್ರ ನನ್ನ ಕಡೆ ತಿರುಗಿ, "ದೀದಿ ಇದ್ದಾರೆ" ಎಂದಳು.

ಫೋನ್ ಇಟ್ಟ ಮೇಲೆ ಹೇಳಿದಳು. ಬಿಸಿಲು ಬಂದ ದಿನದಿಂದ ಆ ಮುದುಕಿ ಕೊಟ್ಟಿಗೆಯ ಹಿಂದಿನ ನೆರಳಿನಲ್ಲಿ ಉಳಿದಿದ್ದ ಹಿಮವನ್ನು ಬೆನ್ನಿನ ಬುಟ್ಟಿಯಲ್ಲಿ ಹೊತ್ತು ತಂದು ಗುಂಡಿಯ ಮೇಲೆ ಸುರಿದು, ಹುಲ್ಲು ಮುಚ್ಚುತ್ತಿದ್ದರಂತೆ. ಯಾರೂ ಹೇಳಿರಲಿಲ್ಲ, ಅವರೂ ಯಾರಿಗೂ ಹೇಳಿರಲಿಲ್ಲ. ಸೊಸೆಗೆ ಅಂದದ್ದು ಇಷ್ಟು: "ಗಿಡಗಳು ಮಲಗಿವೆ. ಅವನ್ನ ನಾನು ನೋಡ್ಕೋತೀನಿ. ಅಲ್ಲಿ ನಿನ್ನನ್ನ ಯಾರು ನೋಡ್ಕೋತಾರೆ?"

ಮಾರ್ಚಿನಲ್ಲಿ ಯುದ್ಧ ಶುರುವಾಯಿತು. ಸೈರನ್ ಕೂಗಿದಾಗಲೆಲ್ಲ ನಾನೂ ನನ್ನ ಗಂಡನೂ ಟೇಪು ಅಂಟಿಸಿದ ಕೋಣೆಯಲ್ಲಿ ಕೂತು ಜಪಮಾಲೆ ಹೇಳಿದೆವು. ನಡುವೆ ನನಗೆ ಎಣಿಕೆ ತಪ್ಪುತ್ತಿತ್ತು. ಸುನೀತಾ ಹೆಚ್ಚು ಸಮಯ ಆಸ್ಪತ್ರೆಯಲ್ಲೇ ಇದ್ದಳು. ನಮಗೆ ಏನೂ ಆಗಲಿಲ್ಲ. ಏನೂ ಆಗದ ಆ ದಿನಗಳು ಹೇಗೆ ಕಳೆದವು ಎಂದು ಹೇಳುವುದು ಕಷ್ಟ.

ನೆಲ ಸಡಿಲಾದ ಮೇಲೆ ಪ್ರೇಮ್ ಮತ್ತು ಅವರ ತಾಯಿ ಸೇರಿ ಗಿಡಗಳನ್ನೆತ್ತಿ ನೆಟ್ಟರು. ಕೆಲವನ್ನು ಬಲೆ ದಾಟಿಯೂ ಇಲಿ ಕಡಿದಿತ್ತು, ಕೆಲವು ಚಿಗುರಲೇ ಇಲ್ಲ. ಉಳಿದವು ಕಣ್ಣು ಬಿಟ್ಟವು. ಬೇಸಿಗೆಯಲ್ಲಿ ರೀನಾ ಮರಳಿದಳು. ಉದ್ದವಾಗಿದ್ದಳು, ಕನ್ನಡದಲ್ಲಿ ಉತ್ತರ ಕೊಡುತ್ತಿದ್ದಳು, ಮತ್ತು ಮೊದಲ ದಿನ ನನ್ನ ಬಳಿ ಬರಲು ನಾಚಿದಳು. ಆ ನಾಚಿಕೆ ನನಗೆ ಸೈರನ್ನಿಗಿಂತ ಹೆಚ್ಚು ನೋವು ಕೊಟ್ಟಿತು.

ಸುನೀತಾಳ ಅತ್ತೆ ಆಮೇಲೆ ಪ್ರತಿ ಶುಕ್ರವಾರ ಫೋನಿಗೆ ಬರತೊಡಗಿದರು. ಹೇಳಲು ದೊಡ್ಡದೇನೂ ಇರುತ್ತಿರಲಿಲ್ಲ. ಒಮ್ಮೆ ದೀದಿಗೆ ಕೊಡು ಎಂದರಂತೆ. ನಾನು ಒಗೆದ ಬಟ್ಟೆಗಳನ್ನು ಹೆಗಲ ಮೇಲೆ ಹಾಕಿಕೊಂಡು ಬಾಲ್ಕನಿಗೆ ಹೊರಟಿದ್ದವಳು ಹಾಗೇ ಬಂದು ರಿಸೀವರ್ ಹಿಡಿದೆ. ನಿಮ್ಮ ಕಡೆ ಹಿಮ ಬೀಳುತ್ತದೆಯೇ ಎಂದು ಕೇಳಿದರು. ಇಲ್ಲ ಎಂದೆ. ಮರಗಳು ಎಲೆ ಉದುರಿಸಿ ಮಲಗುವುದಿಲ್ಲವೇ? ಮಾವು ಹಲಸು ವರ್ಷವಿಡೀ ಹಸಿರಾಗಿಯೇ ಇರುತ್ತವೆ ಎಂದು ಸ್ವಲ್ಪ ಜಂಬದಿಂದಲೇ ಹೇಳಿದೆ.

"ಪಾಪ, ಅವಕ್ಕೆ ಸುಸ್ತಾಗಲ್ವಾ ಬೇಟಿ?"

ಸುಸ್ತಾಗುತ್ತದೆಯೇ ಎಂದು ಯಾರೂ ನನ್ನನ್ನು ಕೇಳಿರಲಿಲ್ಲ. "ಆಗ್ತದೆ ಅಮ್ಮಾಜಿ" ಎಂದೆ.

"ಹಾಗಾದರೆ ಸ್ವಲ್ಪ ಕೂತ್ಕೋ" ಎಂದರು.

ಒದ್ದೆ ಬಟ್ಟೆಗಳನ್ನು ಕೆಳಗಿಟ್ಟು ನಾನು ಕೂತೆ.