ನೋಡೋಣ ಎಂದವರ ಒಪ್ಪಿಗೆ

ನಮ್ಮ ಮನೆಯಲ್ಲಿ ಯಾರೂ ಯಾರಿಗೂ ‘ಇಲ್ಲ’ ಅಂದದ್ದು ನನಗೆ ನೆನಪಿಲ್ಲ. ಎನ್.ಆರ್. ಕಾಲೋನಿಯ ಆ ಮನೆಯ ಜಗಲಿಯಲ್ಲಿ, ಸಂಘಕ್ಕೆ ಸೇರಿ ಎಂದು ಬಂದವರಿಗೆ, ಭಜನಾ ಮಂಡಳಿಗೆ ಕಾರ್ಯದರ್ಶಿಯಾಗಿ ಎಂದು ಬಂದವರಿಗೆ, ಎಲ್ಲರಿಗೂ ಅಪ್ಪ ಕಾಫಿ ಕೊಡಿಸಿ ಕೊನೆಯಲ್ಲಿ “ಆಗ್ಲಿ, ನೋಡೋಣ” ಅನ್ನುತ್ತಿದ್ದರು. ಬಂದವರು ಲೋಟ ಕೆಳಗಿಟ್ಟು ಎದ್ದು ಹೋಗುತ್ತಿದ್ದರು. ಮತ್ತೆ ಆ ಸುದ್ದಿ ಎತ್ತುತ್ತಿರಲಿಲ್ಲ. ಇದರ ಅರ್ಥ ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ, ಆದರೂ ಗೊತ್ತಿತ್ತು. ಗೊತ್ತಿದ್ದೂ ಅಂಥ ಕೆಲಸ ಮಾಡಿದೆನಲ್ಲ, ಇಷ್ಟು ವರ್ಷವಾದರೂ ನನ್ನ ಮೇಲೆ ನನಗಿರುವ ಸಿಟ್ಟು ಇಳಿದಿಲ್ಲ. ಸಿಟ್ಟು ಮಾಡಿಕೊಂಡೂ ಸುಸ್ತಾಗಿದೆ.

ಎಂಬತ್ತರ ದಶಕದ ನಡುವಿನ ಮಾತು. ಚಾಮರಾಜಪೇಟೆಯ ಒಂದು ಹಳೇ ಮನೆಯ ಮುಂಭಾಗದಲ್ಲಿದ್ದ ಕಚೇರಿಯಲ್ಲಿ ನಾನು ಟೈಪಿಸ್ಟ್. ನಿವೃತ್ತ ಎಂಜಿನಿಯರೊಬ್ಬರು ಯಜಮಾನರು. ಸರ್ಕಾರದ ದೊಡ್ಡ ಯೋಜನೆಗಳಿಗೆ ವರದಿ ತಯಾರಿಸಿಕೊಡುವುದು ಕೆಲಸ. ಆ ವರ್ಷ ಬಂದದ್ದು ಕಲ್ಲಿದ್ದಲು ಸುಟ್ಟು ವಿದ್ಯುತ್ ತೆಗೆಯುವ ಸ್ಥಾವರದ್ದು. ಅದಕ್ಕೆ ಸಾಲ ಕೊಡಬೇಕಿದ್ದದ್ದು ಹಲವು ದೇಶಗಳ ಸರ್ಕಾರಗಳು ಸೇರಿ ನಡೆಸುವ ಒಂದು ಅಭಿವೃದ್ಧಿ ಬ್ಯಾಂಕು. ಅವರು ಹೊಸದಾಗಿ ಒಂದು ಕಟ್ಟಳೆ ಮಾಡಿದ್ದರು: ಸಾಲಕ್ಕೆ ಮೊದಲು ನೀರು, ಗಾಳಿ, ಮಣ್ಣಿಗೆ ಏನಾಗುತ್ತದೆ, ಅಲ್ಲಿನ ಜನ ಏನನ್ನುತ್ತಾರೆ, ಬರೆದು ತೋರಿಸಿ. ನೀರು, ಗಾಳಿಯ ಪುಟಗಳನ್ನು ಯಜಮಾನರೇ ಬರೆದರು. ಜನರ ಪುಟ ನನ್ನ ಪಾಲಿಗೆ ಬಂತು, ಕನ್ನಡ ಓದಿ ಇಂಗ್ಲಿಷಿನಲ್ಲಿ ಟೈಪ್ ಮಾಡಬಲ್ಲವಳು ಅಂತ.

ಸ್ಥಾವರದ ಬೂದಿಯನ್ನು ನೀರಿನಲ್ಲಿ ಕಲಸಿ ತಂದು ಸುರಿಯಲು ಒಂದು ಊರಿನ ಕೆರೆಯನ್ನು ಗುರುತು ಮಾಡಿದ್ದರು. ನಮ್ಮ ಸರ್ವೇಯರ್ ಆ ಊರಿನ ಮನೆಮನೆಗೆ ಹೋಗಿ, ಕೆರೆ ಬಿಟ್ಟುಕೊಡುತ್ತೀರಾ ಎಂದು ಕೇಳಿ, ಹೇಳಿದ್ದನ್ನು ಹೇಳಿದ ಹಾಗೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದಿದ್ದ. ಪುಣ್ಯಾತ್ಮ, ಅಕ್ಷರ ಮಾತ್ರ ಕೋಳಿ ಕೆದರಿದ ಹಾಗೆ. ಎಷ್ಟು ಪುಟ ತಿರುವಿದರೂ ಒಂದೇ ಉತ್ತರ: ‘ಆಗ್ಲಿ ಸ್ವಾಮಿ, ನೋಡೋಣ.’ ಬ್ಯಾಂಕಿನವರ ನಮೂನೆಯಲ್ಲಿದ್ದದ್ದು ಎರಡೇ ಕಾಲಂ, ಒಪ್ಪಿಗೆ ಇದೆ, ಒಪ್ಪಿಗೆ ಇಲ್ಲ. ನೋಡೋಣಕ್ಕೆ ಜಾಗವೇ ಇರಲಿಲ್ಲ. ಮಧ್ಯಾಹ್ನವೆಲ್ಲ ಪವರ್ ಕಟ್ಟು, ಫ್ಯಾನಿಲ್ಲ, ಕಾರ್ಬನ್ ಹಾಳೆಯ ಮಸಿ ಮೊಣಕೈವರೆಗೆ. ತಲೆ ಚಿಟ್ಟು ಹಿಡಿದಿತ್ತು. ಯಾರೂ ಬೇಡ ಅಂದಿಲ್ಲವಲ್ಲ ಅಂದುಕೊಂಡು ಎಲ್ಲರನ್ನೂ ಮೊದಲನೇ ಕಾಲಂಗೆ ಸೇರಿಸಿ ಕೈತೊಳೆದುಕೊಂಡೆ.

ಆ ಭಾನುವಾರ, ನನ್ನನ್ನು ನೋಡಿಕೊಂಡು ಹೋಗಿದ್ದ ಮಲ್ಲೇಶ್ವರದ ಗಂಡಿನ ಕಡೆಯವರು ಹೇಳಿಕಳಿಸಿದರು: “ನೋಡೋಣ, ಅವಸರ ಏನಿಲ್ವಲ್ಲ.” ಅಪ್ಪ ನನ್ನ ಜಾತಕ ಮಡಿಸಿ ಪೆಟ್ಟಿಗೆಯೊಳಗಿಟ್ಟರು.

“ಹೋಗ್ಲಿ ಬಿಡಮ್ಮ, ಬೇರೆ ಕಡೆ ಕೇಳಿದ್ರಾಯ್ತು” ಅಂದರು.

ನನಗೆ ಗಂಡಿನ ಯೋಚನೆಯೇ ಬರಲಿಲ್ಲ. ಸರ್ವೇಯರನ ನೋಟ್‌ಬುಕ್ಕು ಕಣ್ಣಮುಂದೆ ಬಂತು. ಅಯ್ಯೋ ದೇವರೇ, ಇಡೀ ಊರಿಗೆ ಊರೇ ಬೇಡ ಅಂದಿದೆ, ನಾನು ಹೂಂ ಅಂತ ಬರೆದಿದ್ದೇನೆ!

ಸೋಮವಾರ ಯಜಮಾನರ ಮೇಜಿನ ಮುಂದೆ ನಿಂತೆ.

“ಸಾರ್, ಆ ಪುಟ ಮತ್ತೆ ಟೈಪ್ ಮಾಡ್ಕೊಡ್ತೀನಿ. ಊರಿನವರು ಒಪ್ಪಿಲ್ಲ.”

“ಬೇಡ ಅಂತ ಎಲ್ಲಿ ಬರ್ದಿದೆ? ತೋರ್ಸಮ್ಮ.”

“ನೋಡೋಣ ಅಂದ್ರೆ ಬೇಡ ಅಂತಾನೇ ಅಲ್ವಾ ಸಾರ್? ನಿಮ್ಮನೇಲೂ ಹಾಗೇ ಅಲ್ವಾ?”

ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ಬಸವನಗುಡಿಯಲ್ಲೇ ಹುಟ್ಟಿ ಬೆಳೆದವರು, ಅವರಿಗೆ ಗೊತ್ತಿಲ್ಲದೇ ಏನು.

“ಬ್ಯಾಂಕಿನವ್ರು ಗುರುವಾರ ಬರ್ತಿದಾರೆ. ಅದೊಂದು ಮುಗೀಲಿ. ಆಮೇಲೆ ನೋಡೋಣ” ಅಂದರು.

ನಾನು ನನ್ನ ಕುರ್ಚಿಗೆ ವಾಪಸು ಬಂದೆ.

ದಪ್ಪ ವರದಿಯನ್ನು ನಿಜಕ್ಕೂ ಓದುವವರು ಇರುತ್ತಾರೆ ಎಂದು ನನಗೆ ತಿಳಿದದ್ದೇ ಆ ಗುರುವಾರ. ಬ್ಯಾಂಕಿನ ಅಧಿಕಾರಿ ಪುಟಪುಟಕ್ಕೂ ಪೆನ್ಸಿಲ್ ಗುರುತು ಹಾಕಿಕೊಂಡು ಬಂದಿದ್ದರು. ಬೂದಿಯ ನೀರು ಬಾವಿಗಳಿಗೆ ಇಳಿದರೆ ಏನು ಮಾಡುತ್ತೀರಿ ಎಂದು ಕೇಳಿ ಯಜಮಾನರ ಬೆವರಿಳಿಸಿದರು. ಕೊನೆಗೆ ಜನರ ಪುಟಕ್ಕೆ ಬಂದು ನನ್ನ ಕಡೆ ತಿರುಗಿದರು. ಇದನ್ನು ಅನುವಾದ ಮಾಡಿದವರು ನೀವಂತೆ, ಒಬ್ಬರೂ ಬೇಡ ಅನ್ನಲಿಲ್ಲವೇ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಒಂದೇ ಒಂದು ಮಾತು ಹೇಳಿದ್ದರೆ ಆ ಮನುಷ್ಯ ಊರಿಗೆ ಹೋಗಿ ತಾವೇ ಕೇಳುತ್ತಿದ್ದರು, ಅಂಥವರ ಹಾಗೆ ಕಂಡರು. ಯಜಮಾನರು ನನ್ನನ್ನೇ ನೋಡುತ್ತಿದ್ದರು. ಅಪ್ಪ ರಿಟೈರ್ ಆಗಿ ಎರಡು ವರ್ಷವಾಗಿತ್ತು, ಮನೆ ನಡೆಯುತ್ತಿದ್ದದ್ದು ನನ್ನ ಕೆಲಸದಿಂದ.

“ನೋ ಸರ್, ನೋಬಡಿ ಸೆಡ್ ನೋ” ಅಂದೆ.

ಅಕ್ಷರ ಅಕ್ಷರವೂ ನಿಜ. ಥೂ, ಅದೂ ಒಂದು ನಿಜವೇ.

ಮಳೆಗಾಲ ಮುಗಿಯುವ ಹೊತ್ತಿಗೆ ಸಾಲ ಮಂಜೂರಾಯಿತು, ಕೆರೆಯ ಸುತ್ತ ಗುರುತಿನ ಕಲ್ಲು ನೆಟ್ಟರು. ಒಂದು ಬೆಳಿಗ್ಗೆ ಆ ಊರಿನ ಅಜ್ಜಿಯೊಬ್ಬರು ಕಚೇರಿ ಹುಡುಕಿಕೊಂಡು ಬಂದರು. ಮೆಜೆಸ್ಟಿಕ್ಕಿನಲ್ಲಿ ಬಸ್ಸಿಳಿದು, ಅಕ್ಕಿಪೇಟೆಯ ಮೇಲೆ ಕೇಳಿ ಕೇಳಿಕೊಂಡು ನಡೆದೇ ಬಂದಿದ್ದರಂತೆ. ಯಜಮಾನರು ಇರಲಿಲ್ಲ. ಬೆಂಚಿನ ಮೇಲೆ ಕೂರಿಸಿ ನೀರು ಕೊಟ್ಟೆ. ಕೆರೆಯ ಏರಿಯ ಕೆಳಗೇ ಅವರ ಹೊಲ, ಬಾವಿ. ಊರಲ್ಲಿ ಎಲ್ಲ ಬತ್ತಿದರೂ ಆ ಬಾವಿ ಬತ್ತಿದ್ದಿಲ್ಲವಂತೆ. ಊರಿನ ಅರ್ಧ ಜನ ಕುಡಿಯುವುದು ಅದೇ ನೀರು.

“ಊರೋರೆಲ್ಲ ಒಪ್ಕೊಂಡವ್ರೆ ಅಂತ ಕಾಗ್ದದಲ್ಲಿ ಐತಂತೆ. ಯಾರವ್ವ ಒಪ್ದೋರು? ನಾನು ಬ್ಯಾಡ ಅಂದಿದ್ನಲ್ಲ.”

“ಏನಂದಿದ್ರಿ ಅಜ್ಜಿ?” ಗೊತ್ತಿದ್ದೂ ಕೇಳಿದೆ.

“ನೋಡೋಣ ಅಂದೆ. ಬಿಸ್ಲಲ್ಲಿ ಮನೆಗ್ ಬಂದ ಮನ್ಸ, ಕೂರ್ಸಿ ಮಜ್ಗೆ ಕೊಟ್ಟಿವ್ನಿ, ಮಕಕ್ ಹೊಡ್ದಂಗೆ ಬ್ಯಾಡ ಅನ್ನಕಾಯ್ತದಾ? ಓದ್ದೋರ್ಗೆ ಅಷ್ಟೂ ತಿಳಿಯಾಕಿಲ್ವಾ?”

ನಾನು ತಲೆ ತಗ್ಗಿಸಿ ಬೆರಳ ಮಸಿ ಉಜ್ಜುತ್ತ ಕೂತೆ. ಬರೆದವಳು ನಾನೇ ಅಂತ ಅವರಿಗೆ ಗೊತ್ತಿರಲಿಲ್ಲ.

“ಆ ಒಂದ್ ಮಾತ್ನ ತಿದ್ಸಿಕೊಡವ್ವ. ಬ್ಯಾಂಕ್ನೋರ್ಗೆ ಒಂದ್ ಕಾಗ್ದ ಬರಿ. ನಿಂಗೆ ಇಂಗ್ಲೀಸು ಬತ್ತದಲ್ಲ.”

ಆ ಅಧಿಕಾರಿಯ ವಿಳಾಸ ನನ್ನ ಡ್ರಾಯರಿನಲ್ಲೇ ಇತ್ತು. ಅರ್ಧ ಗಂಟೆಯ ಕೆಲಸ. ಇಲ್ಲ ಅನ್ನಲು ನಾಲಿಗೆ ಏಳಲಿಲ್ಲ, ಹೂಂ ಅನ್ನುವ ಧೈರ್ಯವೂ ಬರಲಿಲ್ಲ.

“ಆಗ್ಲಿ ಅಜ್ಜಿ, ನೋಡೋಣ” ಅಂದೆ.

ಅಜ್ಜಿ ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ನೀರಿನ ಲೋಟ ಕೆಳಗಿಟ್ಟು, ಚೀಲ ಹೆಗಲಿಗೆ ಹಾಕಿಕೊಂಡು ಎದ್ದರು. ಮತ್ತೇನೂ ಕೇಳಲಿಲ್ಲ.