ಮೂಕನಿಗೊಬ್ಬ ವಕೀಲ

ಬನಹಟ್ಟಿಯ ಗೆಳೆಯರೇ, ಇಂದು ಲಂಡನ್ನಿನಲ್ಲಿ ಮಾತೇ ಇಲ್ಲದ ನಗೆನಾಟಕ ನೋಡಿದೆ. ನೋಡಿದೆ ಎನ್ನುವುದಕ್ಕಿಂತ, ಪಕ್ಕದಲ್ಲಿದ್ದ ಜಮಖಂಡಿ ವಕೀಲರ ಬಾಯಿಂದ ಕೇಳಿದೆ. ಮುಂಬಯಿಯಿಂದ ಒಂದೇ ಹಡಗಿನಲ್ಲಿ ಬಂದ ತಪ್ಪಿಗೆ ಅನುಭವಿಸಬೇಕಲ್ಲ!

ವಿದೂಷಕ ಕುರ್ಚಿಯಿಂದ ಜಾರಿ ಬಿದ್ದ.

"ಬಿದ್ದಾ ನೋಡ್ರಿ," ಎಂದರು ವಕೀಲರು.

"ನನಗೂ ಕಣ್ಣ ಅದಾವ್ರಿ," ಎಂದೆ.

"ಖರೆ, ಆದ್ರ ನಿಮಗ ಇಂಗ್ಲಿಷ್ ಬರೂದಿಲ್ಲಲ್ರಿ!"

ಕೋರ್ಟಿನಲ್ಲಿ ಕಕ್ಷಿದಾರನ ಬಾಯಿ ಮುಚ್ಚಿಸಿ ತಾವೇ ಮಾತಾಡುವ ಚಟ. ಮಾತಾಡದ ವಿದೂಷಕನನ್ನೂ ಬಿಡಲಿಲ್ಲ. ಕೊನೆಗೆ ಅವನು ರಂಗದ ಅಂಚಿಗೆ ಬಂದು, ವಕೀಲರನ್ನೇ ದಿಟ್ಟಿಸಿ, ತುಟಿಯ ಮೇಲೆ ಬೆರಳಿಟ್ಟ. ಸಭೆಯೆಲ್ಲ ಘೊಳ್ಳೆಂದು ನಕ್ಕಿತು.

ವಕೀಲರು ನನ್ನತ್ತ ಬಾಗಿ ಅದನ್ನೂ ಬಿಡಿಸಿ ಹೇಳಿದರು: "ನಿಮಗ ಸುಮ್ಮ ಕೂಡ್ರಿ ಅನ್ನಾಕತ್ತಾನ್ರಿ."

ಇಂಗ್ಲಿಷ್ ಬಲ್ಲವರು, ಸರಿಯೇ ಇರಬೇಕು.